ನೋಹನ ನಾವೆ ಮತ್ತು ಮುಂಬಯಿಯ ಹಡಗುಕಟ್ಟೆ: ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜಿನ ಹಿನ್ನೆಲೆ

ಫ್ರೀಮೇಸನ್ ಸಂಘಗಳ ಚರಿತ್ರೆಯನ್ನು ಭಾರತದ ಸಂದರ್ಭದಲ್ಲಿ ಅಭ್ಯಾಸ ಮಾಡಿದವರು ಸಾಮಾನ್ಯವಾಗಿ ಅದನ್ನು ಬ್ರಿಟಿಷ್ ಆಡಳಿತದ ಚರಿತ್ರೆಯ ಒಂದು ಅಡಿಟಿಪ್ಪಣಿಯಾಗಿ ಮಾತ್ರ ನೋಡಿದ್ದಾರೆ. ಸಿಪಾಯಿಗಳ ದಂಡು ಹೋದಲ್ಲೆಲ್ಲ ಲಾಡ್ಜು ಹೋಯಿತು, ಅಧಿಕಾರಿಗಳ ಕ್ಲಬ್ಬಿನ ಪಕ್ಕದಲ್ಲಿಯೇ ಅದರ ಕಟ್ಟಡವೂ ಎದ್ದಿತು ಎಂಬಷ್ಟಕ್ಕೆ ಆ ವಿವರಣೆ ನಿಲ್ಲುತ್ತದೆ. ಈ ವಿವರಣೆ ಸುಳ್ಳಲ್ಲವಾದರೂ ಅಪೂರ್ಣವಾದದ್ದು. ವಿಶ್ವಭ್ರಾತೃತ್ವವನ್ನು ತನ್ನ ಮೂಲತತ್ತ್ವವೆಂದು ಘೋಷಿಸಿಕೊಂಡ ಸಂಘವೊಂದು, ಆಳಿಸಿಕೊಳ್ಳುವವನು ಬಾಗಿಲು ತಟ್ಟಿದಾಗ ಏನು ಮಾಡಿತು ಎಂಬ ಪ್ರಶ್ನೆ ಅಲ್ಲಿ ಹಿಂದೆ ಉಳಿದುಬಿಡುತ್ತದೆ. ಮುಂಬಯಿಯಲ್ಲಿ 1843ರಲ್ಲಿ ಸ್ಥಾಪಿತವಾದ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜಿನ ಹುಟ್ಟು ಈ ಪ್ರಶ್ನೆಗೆ ದೊರೆತ ಒಂದು ಉತ್ತರ.

ಮೊದಲಿಗೆ ಸಂಘದ ಸ್ವರೂಪವನ್ನು ಸಂಕ್ಷಿಪ್ತವಾಗಿ ಗಮನಿಸಬೇಕು. ‘ಮೇಸನ್’ ಎಂದರೆ ಕಲ್ಲುಕುಟಿಗ, ಗಾರೆಕೆಲಸದವನು. ಮಧ್ಯಯುಗದ ಕಟ್ಟಡ ಕೆಲಸಗಾರರ ವೃತ್ತಿಸಂಘಗಳ ಪರಿಭಾಷೆಯನ್ನು ಎರವಲು ಪಡೆದು, ಕೆಲಸವನ್ನೇ ಮಾಡದ ಸಭ್ಯಗೃಹಸ್ಥರು ಕಟ್ಟಿಕೊಂಡ ಕೂಟ ಇದು. ಲಂಡನ್ನಿನ ನಾಲ್ಕು ಲಾಡ್ಜುಗಳು 1717ರಲ್ಲಿ ಒಂದುಗೂಡಿ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದವೆಂಬುದು ಸಂಘದ ಸಂಪ್ರದಾಯ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಅದರ ಸಂವಿಧಾನವನ್ನು ಪ್ರಕಟಿಸಿದನು. ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆ ಇವೆಲ್ಲ ಇಲ್ಲಿ ನೀತಿಯ ಸಂಕೇತಗಳು. ಮೂಲೆಮಟ್ಟ ನಡತೆಯ ನೇರವನ್ನು, ಕೈವಾರ ಆಸೆಗಳ ಎಲ್ಲೆಯನ್ನು ಸೂಚಿಸುತ್ತದೆ. ಸಂಕೇತವಾಗುವುದಕ್ಕೆ ಮುನ್ನ ಈ ಸಾಧನಗಳು ಬೆವರು ಹತ್ತಿದ ಕೈಗಳಲ್ಲಿದ್ದವು ಎಂಬುದು ಲಾಡ್ಜಿನ ಒಳಗೆ ಬಹುಬೇಗ ಮರೆತುಹೋದಂತೆ ಕಾಣುತ್ತದೆ.

ಸಂಘದ ಪುರಾಣದಲ್ಲಿ ಮುಖ್ಯಪಾತ್ರ ಸಾಲೊಮನ್ ದೊರೆಯ ದೇವಾಲಯವನ್ನು ಕಟ್ಟಿದ ಹೀರಾಮನದು. ಆದರೆ ಅವನಿಗಿಂತ ಮೊದಲು, ಅಥವಾ ಅವನ ಜೊತೆಜೊತೆಗೇ, ಇನ್ನೊಬ್ಬ ನಿರ್ಮಾಪಕ ಅಲ್ಲಿದ್ದನು. ಅವನು ಕಲ್ಲಿನ ಕೆಲಸದವನಲ್ಲ, ಮರದ ಕೆಲಸದವನು. ಕಟ್ಟಡವನ್ನಲ್ಲ, ಹಡಗನ್ನು ಕಟ್ಟಿದವನು. 1726ರ ಕಾಲಮಾನವನ್ನು ಹೊತ್ತ ಗ್ರಹಾಂ ಹಸ್ತಪ್ರತಿಯಲ್ಲಿ, ಸತ್ತ ತಂದೆಯ ರಹಸ್ಯವನ್ನು ತಿಳಿಯಲೆಂದು ಗೋರಿಯಿಂದ ದೇಹವನ್ನು ಎತ್ತುವ ಮೂವರು ಮಕ್ಕಳ ಕಥೆಯಿದೆ. ಆ ತಂದೆ ಪ್ರಳಯದ ನಾವೆಯನ್ನು ಕಟ್ಟಿದ ನೋಹ. ಮುಂದೆ ಹೀರಾಮನಿಗೆ ಅಂಟಿಕೊಂಡ ಮರಣ ಮತ್ತು ಪುನರುತ್ಥಾನದ ಆಚರಣೆಗೆ ಈ ಕಥೆ ಹತ್ತಿರದ ಸಂಬಂಧಿ ಎಂಬುದರಲ್ಲಿ ಸಂದೇಹವಿಲ್ಲ. ನಾವೆಯ ನೆನಪು ಸಂಘದಲ್ಲಿ ಪೂರ್ತಿಯಾಗಿ ಅಳಿಯಲೂ ಇಲ್ಲ. ‘ರಾಯಲ್ ಆರ್ಕ್ ಮ್ಯಾರಿನರ್’ ಎಂಬ ಪ್ರತ್ಯೇಕ ಪದವಿ ಅದನ್ನು ಉಳಿಸಿಕೊಂಡಿದೆ.

ನೋಹನ ಪ್ರಸ್ತಾಪ ಇಲ್ಲಿ ಕುತೂಹಲಕ್ಕಾಗಿ ಬಂದದ್ದಲ್ಲ. 1738ರ ಎರಡನೆಯ ಆವೃತ್ತಿಯಲ್ಲಿ ಆಂಡರ್ಸನ್ ಮೇಸನ್ನರನ್ನು ನೋಹನ ನಿಜವಾದ ಸಂತತಿಯೆಂದು ಕರೆಯುತ್ತಾನೆ. ಪ್ರಳಯದ ನಂತರದ ಮನುಷ್ಯಕುಲವೆಲ್ಲ ನೋಹನಿಂದಲೇ ಬಂದದ್ದಾದರೆ, ಮೋಸೆಸನಿಗೂ ಕ್ರಿಸ್ತನಿಗೂ ಹಿಂದಿನದಾದ ಒಂದು ಸಾಮಾನ್ಯ ಧರ್ಮ ಎಲ್ಲರಿಗೂ ಇರಲೇಬೇಕು. ಎಲ್ಲ ಮನುಷ್ಯರೂ ಒಪ್ಪುವ ಧರ್ಮವೊಂದೇ ಸದಸ್ಯನಿಗೆ ಸಾಕು, ಉಳಿದ ಅಭಿಪ್ರಾಯ ಅವನವನಿಗೆ ಬಿಟ್ಟದ್ದು ಎಂಬ 1723ರ ವಿಧಿಗೆ ಇದು ವಂಶಾವಳಿಯ ಆಧಾರವನ್ನು ಒದಗಿಸಿತು. ಹೀಗೆ ಕ್ರೈಸ್ತನಲ್ಲದವನು ಲಾಡ್ಜಿನ ಹೊಸ್ತಿಲು ದಾಟಲು ಇದ್ದ ತಾತ್ತ್ವಿಕ ಅನುಮತಿ ಒಬ್ಬ ಹಡಗು ನಿರ್ಮಾಪಕನ ಹೆಸರಿನಲ್ಲಿಯೇ ಬರೆಯಲ್ಪಟ್ಟಿತ್ತು. ಯೂರೋಪಿನಲ್ಲಿ ಇದರ ಉಪಯೋಗ ಹೆಚ್ಚಾಗಿ ಕ್ರೈಸ್ತಪಂಗಡಗಳ ನಡುವಿನ ಜಗಳವನ್ನು ಹೊರಗಿಡುವುದಕ್ಕೆ ಆಯಿತು. ಅದರ ನಿಜವಾದ ಪರೀಕ್ಷೆ ನಡೆದದ್ದು ವಸಾಹತುಗಳಲ್ಲಿ.

ಈ ಪರೀಕ್ಷೆಗೆ ಮುಂಬಯಿಗಿಂತ ಅರ್ಥಪೂರ್ಣವಾದ ಸ್ಥಳ ಸಿಗುವುದು ಕಷ್ಟ. ಆ ನಗರದ ಏಳಿಗೆಯೇ ಹಡಗುಕಟ್ಟೆಯದು. 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಸೂರತ್ತಿನಿಂದ ಲವ್ಜಿ ನಸ್ಸರ್ವಾನ್‌ಜಿ ಎಂಬ ಪಾರ್ಸಿ ಬಡಗಿಯನ್ನು ಮುಂಬಯಿಗೆ ಕರೆತಂದಿತು. 1750ರಲ್ಲಿ ಅಲ್ಲಿ ಡ್ರೈ ಡಾಕ್ ಸಿದ್ಧವಾಯಿತು. ಹಡಗನ್ನು ಒಳಗೆ ತಂದು, ನೀರನ್ನು ಹೊರಹಾಕಿ, ತಳವನ್ನು ದುರಸ್ತಿ ಮಾಡುವ ಈ ಬಗೆಯ ಕಟ್ಟೆ ಏಷ್ಯದಲ್ಲಿಯೇ ಮೊದಲನೆಯದೆನ್ನಲಾಗಿದೆ. ಲವ್ಜಿಯ ವಂಶದವರು ಮುಂದೆ ಒಂದೂವರೆ ಶತಮಾನದ ಕಾಲ ಆ ಕಟ್ಟೆಯ ಪ್ರಧಾನ ನಿರ್ಮಾಪಕರಾಗಿದ್ದರು. ‘ವಾಡಿಯಾ’ ಎಂಬ ಅವರ ಕುಲನಾಮಕ್ಕೆ ಗುಜರಾತಿಯಲ್ಲಿ ಹಡಗು ಕಟ್ಟುವವನೆಂದೇ ಅರ್ಥ. ಲವ್ಜಿಯ ಮೊಮ್ಮಗ ಜಮ್ಶೆಟ್‌ಜಿ ಬೊಮನ್‌ಜಿಯ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯೇ ಮುಂಬಯಿಗೆ ಬೇಡಿಕೆ ಸಲ್ಲಿಸಿತು. 74 ಫಿರಂಗಿಗಳ ‘ಮಿಂಡೆನ್’ 1810ರಲ್ಲಿಯೂ, ‘ಕಾರ್ನ್‌ವಾಲಿಸ್’ 1813ರಲ್ಲಿಯೂ, ‘ಟ್ರಿಂಕೋಮಲಿ’ 1817ರಲ್ಲಿಯೂ ನೀರಿಗಿಳಿದವು. ಅಫೀಮಿನ ಯುದ್ಧವನ್ನು ಮುಗಿಸಿದ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ಹಡಗಿನ ಮೇಲೆ. ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ನೋಡಲು ಸಿಗುತ್ತದೆ. ಓಕ್ ಮರದ ಹಡಗುಗಳು ಕೆಲವೇ ದಶಕಗಳಲ್ಲಿ ಕೊಳೆಯುತ್ತಿದ್ದಾಗ ಇವು ಬಾಳಿದ್ದು ತೇಗದಿಂದ. ಆ ತೇಗ ಬಂದದ್ದು ಮಲಬಾರಿನಿಂದ ಮತ್ತು ನಮ್ಮ ಕೆನರಾ ಸೀಮೆಯ ಕಾಡುಗಳಿಂದ. ಮುಂಬಯಿಯ ಹಡಗುಕಟ್ಟೆಯ ಕೀರ್ತಿಯನ್ನು ಹೇಳುವವರು ಈ ಕಾಡುಗಳು ತೆತ್ತ ಬೆಲೆಯನ್ನು ಅಷ್ಟಾಗಿ ಹೇಳುವುದಿಲ್ಲ.

ಅದೇ ವಂಶದ ಅರ್ದೆಸೀರ್ ಕರ್ಸೆಟ್‌ಜಿ (1808-1877) ಉಗಿಯಂತ್ರಗಳ ಕಡೆಗೆ ತಿರುಗಿದವನು. ತನ್ನ ಮಜಗಾಂವ್ ಮನೆಯಲ್ಲಿ 1834ರಲ್ಲಿ ಅನಿಲದೀಪಗಳನ್ನು ಬೆಳಗಿಸಿದನು. 1839ರಲ್ಲಿ ಇಂಗ್ಲೆಂಡಿಗೆ ಹೋದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದ ಮೊದಲ ಭಾರತೀಯನಾದನು. ಅದೇ ವರ್ಷ ಮುಂಬಯಿಯ ಉಗಿಯಂತ್ರ ಕಾರ್ಖಾನೆಯ ಮುಖ್ಯ ಎಂಜಿನಿಯರನಾದಾಗ ಯೂರೋಪಿಯನ್ ನೌಕರರೇ ಅವನ ಕೈಕೆಳಗೆ ಬಂದರು. ಇದಕ್ಕೆ ಆಕ್ಷೇಪಣೆಗಳು ಬರದೆ ಇರಲಿಲ್ಲ. ಆದರೂ ನೇಮಕ ನಿಂತಿತು.

ಈ 1841ರ ಪಕ್ಕದಲ್ಲಿಟ್ಟು ನೋಡಿದಾಗ ಲಾಡ್ಜಿನ ಕಥೆ ವಿಚಿತ್ರವಾಗಿ ತೋರುತ್ತದೆ. ಅರ್ದೆಸೀರನ ಸಮವಯಸ್ಕನೂ ಪಾರ್ಸಿಯೂ ಆದ, ಆದರೆ ಹಡಗು ನಿರ್ಮಾಪಕರ ವಂಶಕ್ಕೆ ಸೇರದ ಮಾಣೆಕ್‌ಜಿ ಕರ್ಸೆಟ್‌ಜಿ (1808-1887) ಮುಂಬಯಿಯ ಲಾಡ್ಜಿಗೆ ಸೇರಬಯಸಿದನು. ಮುಂದೆ ನ್ಯಾಯಾಧೀಶನಾಗಿ, ಹೆಣ್ಣುಮಕ್ಕಳ ಇಂಗ್ಲಿಷ್ ಶಿಕ್ಷಣದ ಪ್ರವರ್ತಕನಾಗಿ ಹೆಸರಾದವನು ಇವನು. ಅಲ್ಲಿನ ಯೂರೋಪಿಯನ್ ಸದಸ್ಯರು ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಯೂರೋಪಿಗೆ ಹೋದಾಗ ಪ್ಯಾರಿಸ್ಸಿನ ಲಾಡ್ಜೊಂದು ಅವನಿಗೆ ದೀಕ್ಷೆ ನೀಡಿತು. ದೀಕ್ಷಿತನಾಗಿ ಮರಳಿ ಬಂದವನನ್ನು ನಿಯಮದ ಪ್ರಕಾರ ಸೋದರನೆಂದು ಒಪ್ಪಲೇಬೇಕಿತ್ತು. ಆದರೂ ಮುಂಬಯಿಯ ಬಾಗಿಲು ತೆರೆಯಲಿಲ್ಲ. ಧರ್ಮದ ಕಾರಣವನ್ನು ಮುಂದಿಡುವಂತಿರಲಿಲ್ಲ; ಪಾರ್ಸಿಗಳು ಏಕದೇವನನ್ನು ನಂಬುವವರು. ವಿದ್ಯೆ, ಐಶ್ವರ್ಯ, ಸ್ಥಾನಮಾನ ಇವುಗಳ ಕೊರತೆಯೂ ಇರಲಿಲ್ಲ. 1842ರಲ್ಲಿ ಜಮ್ಶೆಟ್‌ಜಿ ಜೀಜೀಭಾಯಿಗೆ ಬ್ರಿಟಿಷ್ ರಾಣಿಯೇ ನೈಟ್ ಪದವಿ ಕೊಟ್ಟಿದ್ದಳು. ಹೀಗಿರಲಾಗಿ ಉಳಿಯುವ ಕಾರಣ ಒಂದೇ, ಅದು ಜನಾಂಗಭೇದ. ಕಾರ್ಖಾನೆಯಲ್ಲಿ ಮೇಲಧಿಕಾರಿಯಾಗಿ ಒಪ್ಪಿಗೆಯಾಗುವ ಪಾರ್ಸಿ, ಊಟದ ಮೇಜಿನಲ್ಲಿ ಸೋದರನಾಗಿ ಒಪ್ಪಿಗೆಯಾಗಲಿಲ್ಲ. ದುಡಿಮೆಯ ಸಂಬಂಧದಲ್ಲಿ ಕೌಶಲ ಮಾತನಾಡುತ್ತದೆ. ಕೌಶಲದ ಸಂಕೇತಗಳನ್ನಷ್ಟೇ ಇಟ್ಟುಕೊಂಡ ಕೂಟದಲ್ಲಿ ಮಾತನಾಡಲು ಅದಕ್ಕೆ ಅವಕಾಶವಿರಲಿಲ್ಲ.

ಬಿಕ್ಕಟ್ಟನ್ನು ಬಿಡಿಸಿದವನು ಜೇಮ್ಸ್ ಬರ್ನ್ಸ್ (1801-1862). ಸ್ಕಾಟ್ಲೆಂಡಿನ ಮಾಂಟ್ರೋಸ್ ಊರಿನ ಈ ವೈದ್ಯ ಕಂಪನಿಯ ಸೇವೆಯಲ್ಲಿದ್ದನು. ಪಶ್ಚಿಮ ಭಾರತದಲ್ಲಿ ಸ್ಕಾಟ್ಲೆಂಡ್ ಗ್ರ್ಯಾಂಡ್ ಲಾಡ್ಜಿನ ಪ್ರಾಂತೀಯ ಮುಖ್ಯಸ್ಥನೂ ಆಗಿದ್ದನು. 1841ರಲ್ಲಿ ಕಾಬೂಲಿನಲ್ಲಿ ಕೊಲೆಯಾದ ಅಲೆಕ್ಸಾಂಡರ್ ಬರ್ನ್ಸ್ ಇವನ ತಮ್ಮ. ಏಷ್ಯದವರ ಕೈಯಲ್ಲಿ ತಮ್ಮನನ್ನು ಕಳೆದುಕೊಂಡ ಎರಡೇ ವರ್ಷಗಳಲ್ಲಿ ಏಷ್ಯದವರಿಗಾಗಿ ಲಾಡ್ಜು ತೆರೆಯಲು ಮುಂದಾದನೆಂಬುದು ಅವನ ವ್ಯಕ್ತಿತ್ವದ ಬಗ್ಗೆ ಸ್ವಲ್ಪವಾದರೂ ಹೇಳುತ್ತದೆ. ಅವನ ಮುಂದಾಳತನದಲ್ಲಿ 1843ರ ಡಿಸೆಂಬರ್ 15ರಂದು, ಭಾರತೀಯರನ್ನು ಸೇರಿಸಿಕೊಳ್ಳುವ ಸ್ಪಷ್ಟ ಉದ್ದೇಶದಿಂದ, ‘ರೈಸಿಂಗ್ ಸ್ಟಾರ್’ ಸ್ಥಾಪಿತವಾಯಿತು. ಮೊದಲ ದಿನಗಳಲ್ಲಿಯೇ ಪಾರ್ಸಿಗಳೂ ಮುಸಲ್ಮಾನರೂ ಅದನ್ನು ಸೇರಿದರು.

ಇದನ್ನು ಉದಾರತೆಯ ವಿಜಯವೆಂದು ವರ್ಣಿಸುವ ರೂಢಿ ಮೇಸನ್ ಸಾಹಿತ್ಯದಲ್ಲಿದೆ. ಆದರೆ ಬರ್ನ್ಸ್ ಹಳೆಯ ಲಾಡ್ಜಿನ ಬಾಗಿಲನ್ನು ತೆರೆಯಲಿಲ್ಲ, ಹೊಸ ಮನೆಯನ್ನು ಕಟ್ಟಿಸಿದನು. ನಿರಾಕರಿಸಿದವರು ತಮ್ಮ ನಿರಾಕರಣೆಯನ್ನು ಹಿಂತೆಗೆದುಕೊಳ್ಳಬೇಕಾಗಲಿಲ್ಲ; ನಿರಾಕೃತನಿಗೂ ಒಂದು ಗೌರವದ ಪೀಠ ದೊರೆಯಿತು. ಜಾತಿಗೊಂದು ಛತ್ರ ಕಟ್ಟಿಸಿ ಎಲ್ಲರಿಗೂ ಊಟ ಹಾಕಿದೆವೆನ್ನುವ ವ್ಯವಸ್ಥೆಯನ್ನು ಬಲ್ಲವರಿಗೆ ಈ ಪರಿಹಾರ ಅಪರಿಚಿತವಾಗಿ ಕಾಣದು. ಹಾಗೆಂದು ಅದರ ಪರಿಣಾಮವನ್ನು ಕಡೆಗಣಿಸುವಂತೆಯೂ ಇಲ್ಲ. 1839ರಲ್ಲಿ ಇಬ್ಬರು ಪಾರ್ಸಿ ತರುಣರು ಪಾದ್ರಿ ಜಾನ್ ವಿಲ್ಸನ್ನನ ಪ್ರಭಾವದಿಂದ ಕ್ರೈಸ್ತರಾದಾಗ ಆ ಸಮುದಾಯ ತಲ್ಲಣಿಸಿತ್ತು. ತಮ್ಮ ಧರ್ಮವನ್ನು ಬಿಡದೆಯೇ ಇಂಗ್ಲಿಷರೊಡನೆ ಸಮಾನವಾಗಿ ಕೂರಬಹುದಾದ, ತಮ್ಮ ಗ್ರಂಥದ ಮೇಲೆಯೇ ಪ್ರಮಾಣ ಮಾಡಬಹುದಾದ ಸ್ಥಳವೊಂದು ಈಗ ದೊರೆಯಿತು. ಪಾರ್ಸಿಗಳು ಅದನ್ನು ತಮ್ಮದಾಗಿಸಿಕೊಂಡ ಬಗೆಯೂ ಗಮನಾರ್ಹ. ವಿದ್ವಾಂಸ ಕೆ. ಆರ್. ಕಾಮಾ (1831-1909) ಜರತುಷ್ಟ್ರಧರ್ಮಕ್ಕೂ ಮೇಸನ್ ಆಚರಣೆಗಳಿಗೂ ಇರುವ ಸಾದೃಶ್ಯಗಳನ್ನು ಕುರಿತು ಉಪನ್ಯಾಸಗಳನ್ನೇ ನೀಡಿದನು. ಹೊರಗಿನವರ ಕೂಟವೊಂದು ತಮ್ಮ ಪೂರ್ವಿಕರ ತತ್ತ್ವದ್ದೇ ಮುಂದುವರಿಕೆ ಎಂಬ ಈ ವಾದ ಚಾರಿತ್ರಿಕವಾಗಿ ದುರ್ಬಲವಾದರೂ, ಅತಿಥಿಯಾಗಿ ಬಂದವನು ತಾನೇ ಮನೆಯೊಡೆಯನೆಂದು ಸಾಧಿಸುವ ಅದರ ಆತ್ಮವಿಶ್ವಾಸ ದುರ್ಬಲವಾದುದಲ್ಲ.

ಹಿಂದೂಗಳ ವಿಷಯದಲ್ಲಿ ಈ ಬಾಗಿಲು ಇನ್ನೂ ಬಹುಕಾಲ ಅರೆತೆರೆದೇ ಉಳಿಯಿತು. ಬಹುದೇವತಾರಾಧಕರು, ಜಾತಿನಿಯಮದಿಂದಾಗಿ ಸಹಭೋಜನಕ್ಕೆ ಬಾರದವರು, ಪ್ರಮಾಣವಚನಕ್ಕೆ ಬದ್ಧರಾಗದವರು ಎಂಬ ಆಕ್ಷೇಪಗಳು ಅವರ ಮೇಲಿದ್ದವು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತ 1863ರಲ್ಲಿ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ತಾನು ಏಕದೇವನನ್ನು ನಂಬುವವನೆಂದು ವಾದಿಸುತ್ತ ಅವನು ಹೋರಾಡಿದನು. ದೀಕ್ಷೆ ದೊರೆತದ್ದು 1872ರಲ್ಲಿ. ‘ಆಂಕರ್ ಅಂಡ್ ಹೋಪ್’ ಎಂಬ ಆ ಲಾಡ್ಜಿನ ಹೆಸರಿನಲ್ಲಿಯೂ ಹಡಗಿನ ಲಂಗರು ಇದ್ದದ್ದು ಕಾಕತಾಳೀಯ. ಅದೇ ಲಾಡ್ಜಿಗೆ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣನೂ ಸೇರಿದನು. ಮುಂದೆ ಅವನು ಸ್ವಾಮಿ ವಿವೇಕಾನಂದನಾದನು. ಒಂಬತ್ತು ವರ್ಷಗಳ ಹೋರಾಟದಿಂದ ಒಬ್ಬನಿಗೆ ದೊರೆತ ಪ್ರವೇಶ ಹನ್ನೆರಡು ವರ್ಷಗಳ ತರುವಾಯ ಮತ್ತೊಬ್ಬನಿಗೆ ಸಾಮಾನ್ಯ ಸಂಗತಿಯಾಗಿತ್ತು.

ಈ ಎಲ್ಲ ಚರ್ಚೆಯಲ್ಲಿ ಒಂದು ವರ್ಗದವರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹಡಗುಕಟ್ಟೆಯಲ್ಲಿ ತೇಗವನ್ನು ಕೊಯ್ದವರು, ಹಲಗೆಯ ಸಂದುಗಳಿಗೆ ನಾರು ತುರುಕಿದವರು, ಮೊಳೆ ಹೊಡೆದವರು. ಸಂವಿಧಾನದ ಹಳೆಯ ಪಾಠ ಸದಸ್ಯನು ಸ್ವತಂತ್ರನಾಗಿ ಹುಟ್ಟಿದವನಾಗಿರಬೇಕೆಂದು ವಿಧಿಸಿತ್ತು. ಗುಲಾಮಗಿರಿಯ ನಿಷೇಧದ ನಂತರ, 1847ರಲ್ಲಿ, ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜು ಅದನ್ನು ಸ್ವತಂತ್ರನಾದವನೆಂದು ತಿದ್ದಿತು. ಕೂಲಿಯವನನ್ನು ಹೊರಗಿಡಲು ಇಂಥ ಯಾವ ವಿಧಿಯ ಅಗತ್ಯವೂ ಬೀಳಲಿಲ್ಲ; ಅದಕ್ಕೆ ಪ್ರವೇಶಶುಲ್ಕವೂ ಇಂಗ್ಲಿಷ್ ಭಾಷೆಯೂ ಸಾಕಾಗಿದ್ದವು. ಮೂಲೆಮಟ್ಟ ಮತ್ತು ಕೈವಾರಗಳನ್ನು ದಿನವೂ ಹಿಡಿದವರ ಪಾಲಿಗೆ ಅವುಗಳ ಗೂಢಾರ್ಥವನ್ನು ಬೋಧಿಸುವ ಮನೆ ಕೊನೆಯವರೆಗೂ ಹೊರಗಿನದೇ ಆಗಿತ್ತು.

‘ರೈಸಿಂಗ್ ಸ್ಟಾರ್’ ಲಾಡ್ಜಿನ ಚರಿತ್ರೆಯನ್ನು ವಿಸ್ತಾರವಾಗಿ ಬರೆದು 1912ರಲ್ಲಿ ಮುಂಬಯಿಯಲ್ಲಿ ಪ್ರಕಟಿಸಿದವರು ಡಿ. ಎಫ್. ವಾಡಿಯಾ. ಹಡಗು ಕಟ್ಟುವವನೆಂಬ ಅರ್ಥದ ಕುಲನಾಮ ಲಾಡ್ಜಿನ ಚರಿತ್ರೆಗೆ ಅಂಟಿಕೊಂಡದ್ದು ಹೀಗೆ, ಗ್ರಂಥದ ಮುಖಪುಟದಲ್ಲಿ. ಭಾರತದ ಲಾಡ್ಜುಗಳಿಗೆ ತಮ್ಮದೇ ಆದ ಗ್ರ್ಯಾಂಡ್ ಲಾಡ್ಜು ದೊರೆತದ್ದು ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷಗಳ ಮೇಲೆ, 1961ರ ನವೆಂಬರಿನಲ್ಲಿ. ಅದರ ಮೊದಲ ಮುಖ್ಯಸ್ಥರಾದವರು ರಾಮಪುರದ ನವಾಬ ಸಯ್ಯದ್ ರಜಾ ಅಲಿ ಖಾನ್.