ಅಡ್ಡಹೆಸರಿನಿಂದ ಡಿಎನ್‌ಎವರೆಗೆ: ದೂರದ ನೆಂಟರನ್ನು ಪತ್ತೆಹಚ್ಚುವ 6 ಸೂತ್ರಗಳು

'ಅಷ್ಟು ಹಳೇ ಸಂಬಂಧ ಈಗೆಲ್ಲಿ ಸಿಗ್ತದ?' ಈ ಅನುಮಾನ ಬರೀ ಒಂದು ಚಟ. ಇವತ್ತೇ ಬಿಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ.

1. ಅಡ್ಡಹೆಸರನ್ನು ಬಿಡಿಸಿ ಓದಿ.
ಪಾಟೀಲ, ಕುಲಕರ್ಣಿ, ದೇಸಾಯಿ ಹುದ್ದೆಯಿಂದ ಬಂದವು. ಬಡಿಗೇರ, ಪತ್ತಾರ, ಕಂಬಾರ ಕಸುಬಿನಿಂದ ಬಂದವು. ಹಿರೇಮಠ ಎಂಬುದು ಮಠದಿಂದ ಬಂದದ್ದು. ಇವು ಊರೂರಿಗೂ ಇವೆ, ಹೆಸರು ಕೂಡಿತೆಂದು ನೆಂಟಸ್ತನ ಕಟ್ಟಬೇಡಿ. ಊರಿನ ಅಡ್ಡಹೆಸರು ಸಿಕ್ಕರೆ ಮಾತ್ರ ಗಟ್ಟಿಯಾಗಿ ಹಿಡಿಯಿರಿ. ನಮ್ಮ ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲೇ ಇರುವವರನ್ನು ಯಾರೂ 'ಕುಕನೂರ' ಎನ್ನುವುದಿಲ್ಲ, ಅಲ್ಲಿ ಎಲ್ಲರೂ ಕುಕನೂರಿನವರೇ. ಗಂಗಾವತಿಯ ಮನೆಗೆ ಆ ಹೆಸರಿದ್ದರೆ, ಹಿಂದೆ ಯಾರೋ ಕುಕನೂರು ಬಿಟ್ಟು ಬಂದಿರಬೇಕು. ಮೊದಲ ಬಸ್ಸು ಅಲ್ಲಿಗೇ ಹತ್ತಿ.

2. ಮನೆದೇವರು, ಬೆಡಗು ಕೇಳಿ.
ಊರು ಬಿಟ್ಟವರೂ ಮನೆದೇವರನ್ನು ಸುಲಭಕ್ಕೆ ಬಿಡುವುದಿಲ್ಲ. ಅಡ್ಡಹೆಸರು, ಮನೆದೇವರು, ಬೆಡಗು (ಒಂದೇ ಮೂಲದ ಮನೆಗಳ ಬಳಗ) ಮೂರೂ ಕೂಡಿದರೆ ಅಣ್ಣತಮ್ಮಂದಿರ ಮನೆ ಹತ್ತಿರದಲ್ಲೇ ಇದೆ. ಅಜ್ಜಿಯನ್ನೇ ಮೊದಲು ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ.

3. ಹೆಳವರನ್ನು ಬಾಗಿಲಿನಿಂದ ಹಾಗೇ ಕಳಿಸಬೇಡಿ.
ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ಹೆಸರುಗಳನ್ನು ಒಂದೊಂದಾಗಿ ಹೇಳುವವರು ಅವರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ನಿಮ್ಮ ಮನೆಯಿಂದ ಒಡೆದು ಹೋದ ಮನೆಗಳು ಯಾವ ಊರಿನಲ್ಲಿವೆ ಎಂದು ಕೇಳಿ. ಅಂಥ ಡೇಟಾಬೇಸ್ ಯಾವ ಆ್ಯಪ್‌ನಲ್ಲೂ ಇಲ್ಲ!

4. ಕಾಗದ ಹುಡುಕಿ.
ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಶಾಲೆಯ ಹಳೆಯ ಟಿಸಿಯಲ್ಲಿ ರಾಯಚೂರು ಜಿಲ್ಲೆ ಎಂದಿದ್ದರೆ ಗಾಬರಿ ಬೇಡ. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ, ಹೀಗಾಗಿ ಹಳೆಯ ಕಾಗದ ಉರ್ದುವಿನಲ್ಲಿರಬಹುದು, ಅದನ್ನು ಓದುವವರೊಬ್ಬರ ನಂಬರ್ ಇಟ್ಟುಕೊಳ್ಳಿ.

5. ಆಮೇಲೆ ಡಿಎನ್‌ಎ ಟೆಸ್ಟ್ ಮಾಡಿಸಿ. ಪರ್ಸೆಂಟೇಜ್ ನೋಡಿ ಕುಣಿಯಬೇಡಿ.
ಅಜ್ಜ-ಅಜ್ಜಿ ಒಬ್ಬರೇ ಆದವರ ಡಿಎನ್‌ಎ ಸುಮಾರು 12.5% ಕೂಡುತ್ತದೆ. ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆದರೆ 3%. ಅದಕ್ಕೂ ಒಂದು ತಲೆಮಾರು ಹಿಂದಾದರೆ 1%ಕ್ಕೂ ಕಡಿಮೆ, ಹತ್ತರಲ್ಲಿ ಒಂದು ಜೋಡಿಗೆ ಮ್ಯಾಚ್ ಸಿಗುವುದೇ ಇಲ್ಲ. ಆದರೆ ಈ ಲೆಕ್ಕ ನಮ್ಮ ಕಡೆ ಹಿಗ್ಗುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಂಡ ಮನೆಗಳಲ್ಲಿ ಒಬ್ಬನೇ ಮುತ್ತಜ್ಜ ಎರಡು ದಾರಿಯಿಂದ ಬರುತ್ತಾನೆ. ದೂರದವರು ರಿಪೋರ್ಟ್‌ನಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಎಲ್ಲಿ ಯಾರನ್ನು ತಂದರು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಗಂಡುಮಕ್ಕಳಿಗೆ ವೈ ಕ್ರೋಮೊಸೋಮ್ ಟೆಸ್ಟ್ ಉಪಯುಕ್ತ. ಅಡ್ಡಹೆಸರಿನಂತೆ ಅದೂ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಹೆಸರು ಕೂಡಿಯೂ ವೈ ಕೂಡದಿದ್ದರೆ ದತ್ತು ಅಥವಾ ಮನೆಅಳಿಯ ಬಂದಿದ್ದಾರೆಯೇ ಎಂದು ವಿಚಾರಿಸಿ. ಅಲ್ಲಿ ಹೆಸರು ಉಳಿಯಬಹುದು, ವೈ ಎಳೆ ಬೇರೆಯಾಗಬಹುದು. ಅವರೂ ನಿಮ್ಮ ಮನೆತನದವರೇ, ಒಂದು ಹೆಸರನ್ನೂ ಅಳಿಸಬೇಡಿ.

6. ಒಪ್ಪಿಗೆ ಕೇಳಿಯೇ ಸ್ಯಾಂಪಲ್ ತೆಗೆದುಕೊಳ್ಳಿ.
ಒಬ್ಬರ ರಿಪೋರ್ಟ್ ಇಡೀ ಮನೆಯ ಗುಟ್ಟು ಬಿಚ್ಚಬಹುದು. ಕೊಪ್ಪಳದ ಗವಿಮಠದ ಜಾತ್ರೆಗೆ ಕುಷ್ಟಗಿ, ಯಲಬುರ್ಗಾದ ಬೀಗರು ಬಂದಾಗ ಊಟವಾದ ಮೇಲೆ ವಂಶವೃಕ್ಷದ ಹಾಳೆ ಹರವಿ ಕೂರಿ. ಪೆನ್ನನ್ನು ಹಿರಿಯರ ಕೈಗೆ ಕೊಡಿ.