ಶಾಲಾ ಮೌಲ್ಯಾಂಕನದಲ್ಲಿ ಗ್ರಂಥಾಲಯ: ಸದಸ್ಯರು ತೆರೆದು ನೋಡಬೇಕಾದ ವಹಿ

ಗ್ರಾಮ ಪಂಚಾಯಿತಿ ಸದಸ್ಯರು ಸರ್ಕಾರಿ ಶಾಲೆಗೆ ಭೇಟಿ ನೀಡಿದಾಗ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆ ಕೋಣೆ, ಸೋರುವ ಮೇಲ್ಛಾವಣಿ ಇವುಗಳನ್ನು ತಪ್ಪದೆ ಪರಿಶೀಲಿಸುತ್ತಾರೆ. ಗ್ರಂಥಾಲಯದ ವಿಷಯಕ್ಕೆ ಬಂದರೆ ಕಪಾಟಿನತ್ತ ಬೆರಳು ತೋರಿಸಿದರೆ ಸಾಕೆಂಬ ರೂಢಿ ಬೆಳೆದಿದೆ. ಕಪಾಟಿಗೆ ಬೀಗವಿದ್ದರೂ ಭೇಟಿ ಪುಸ್ತಕದಲ್ಲಿ ‘ಗ್ರಂಥಾಲಯ ಇದೆ’ ಎಂದೇ ದಾಖಲಾಗುತ್ತದೆ.

ಶಾಲಾ ಗ್ರಂಥಾಲಯವು ಶಾಲೆಯ ಇಚ್ಛೆಗೆ ಬಿಟ್ಟ ಸೌಲಭ್ಯವಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿಯು ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕೆಂದು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ ಹಾಗೂ ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ದೊರೆಯಬೇಕೆಂದು ವಿಧಿಸುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲೆಯ ಹಂತಕ್ಕೆ ಅನುಗುಣವಾಗಿ ವಾರ್ಷಿಕ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ.

ಶಾಲೆಗಳ ಶ್ರೇಣೀಕರಣದಲ್ಲಿಯೂ ಗ್ರಂಥಾಲಯಕ್ಕೆ ಸ್ಥಾನವಿದೆ. ಯುಡೈಸ್ ಪ್ಲಸ್ ನಮೂನೆಯಲ್ಲಿ ಗ್ರಂಥಾಲಯದ ಲಭ್ಯತೆ ಹಾಗೂ ಪುಸ್ತಕಗಳ ಸಂಖ್ಯೆಯನ್ನು ಭರ್ತಿ ಮಾಡಲಾಗುತ್ತದೆ. 2015ರಲ್ಲಿ ಆರಂಭವಾದ ‘ಶಾಲಾ ಸಿದ್ಧಿ’ ಚೌಕಟ್ಟು ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರ 7 ಕ್ಷೇತ್ರಗಳ ಪೈಕಿ ಮೊದಲನೆಯದಾದ ಶಾಲಾ ಸಂಪನ್ಮೂಲ ಕ್ಷೇತ್ರದಲ್ಲಿ ಗ್ರಂಥಾಲಯವೂ ಒಂದು ಮಾನಕ. ಪ್ರತಿ ಸಂಪನ್ಮೂಲಕ್ಕೂ ಎರಡು ಅಳತೆಗಳಿವೆ: ಲಭ್ಯತೆ ಮತ್ತು ಪರ್ಯಾಪ್ತತೆ ಒಂದು, ಗುಣಮಟ್ಟ ಮತ್ತು ಬಳಕೆ ಇನ್ನೊಂದು. ಮೊದಲನೆಯದನ್ನು ಪುಸ್ತಕ ಎಣಿಸಿ ತಿಳಿಯಬಹುದು. ಎರಡನೆಯದನ್ನು ತಿಳಿಯಲು ಪುಸ್ತಕ ವಿತರಣಾ ವಹಿಯನ್ನೇ ತೆರೆಯಬೇಕು. ಅಮೆರಿಕದಲ್ಲಿಯೂ 2015ರ ಶಿಕ್ಷಣ ಕಾಯಿದೆಯು ಪರೀಕ್ಷಾ ಫಲಿತಾಂಶದ ಜೊತೆಗೆ ಶಾಲೆಯ ಗುಣಮಟ್ಟದ ಇನ್ನೊಂದು ಸೂಚಕವನ್ನು ಪ್ರತಿ ರಾಜ್ಯವೂ ಸೇರಿಸಬೇಕೆಂದಾಗ, ಶಾಲಾ ಗ್ರಂಥಾಲಯವೂ ಆ ಸೂಚಕದಲ್ಲಿರಲಿ ಎಂಬ ಬೇಡಿಕೆ ಅಲ್ಲಿ ಎದ್ದಿತು. ಅಂತಹ ಮಾನಕವು ನಮ್ಮ ಚೌಕಟ್ಟಿನಲ್ಲಿ ಈಗಾಗಲೇ ಇದೆ. ಅದನ್ನು ಪ್ರಾಮಾಣಿಕವಾಗಿ ಭರ್ತಿ ಮಾಡುವುದಷ್ಟೇ ಉಳಿದಿದೆ.

ಹಾಗಿದ್ದರೂ ಕಪಾಟಿಗೆ ಬೀಗ ಏಕೆ ಬೀಳುತ್ತದೆ? ಇದನ್ನು ಶಿಕ್ಷಕರ ನಿರಾಸಕ್ತಿ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಪುಸ್ತಕಗಳು ದಾಸ್ತಾನು ವಹಿಯಲ್ಲಿ ಶಿಕ್ಷಕರೊಬ್ಬರ ಸುಪರ್ದಿಯಲ್ಲಿರುತ್ತವೆ. ಪುಸ್ತಕ ಕಳೆದರೆ, ಹರಿದರೆ, ಕೂಲಿಗಾಗಿ ವಲಸೆ ಹೋದ ಕುಟುಂಬದ ಮಗು ಅದನ್ನು ಹಿಂದಿರುಗಿಸದಿದ್ದರೆ, ವರ್ಗಾವಣೆಯ ದಿನ ಪ್ರಭಾರ ವಹಿಸಿಕೊಡುವಾಗ ಲೆಕ್ಕ ಹೊಂದುವುದಿಲ್ಲ. ಆ ಹೊಣೆ ತಮ್ಮ ಜೇಬಿಗೆ ಬರುವುದೆಂಬ ಅಂಜಿಕೆಯಿಂದಲೇ ಬೀಗ ಬೀಳುತ್ತದೆ. ಮೌಲ್ಯಾಂಕನವು ಪುಸ್ತಕ ಬಳಕೆಯಾಗಲಿ ಎನ್ನುತ್ತದೆ, ದಾಸ್ತಾನು ಪರಿಶೀಲನೆಯು ಪುಸ್ತಕ ಹೊಸದಾಗಿಯೇ ಉಳಿಯಲಿ ಎನ್ನುತ್ತದೆ. ಇವೆರಡರ ನಡುವೆ ಸಿಲುಕಿದವರು ಸುರಕ್ಷಿತವಾದುದನ್ನೇ ಆರಿಸಿಕೊಂಡರೆ ಆಶ್ಚರ್ಯವಿಲ್ಲ.

ಈ ತೊಡಕಿಗೆ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ನಿಯಮ 215ರಲ್ಲಿ ಒಂದು ಮಾದರಿ ಇದೆ. ವರ್ಷವೊಂದರಲ್ಲಿ ವಿತರಿಸಿದ ಅಥವಾ ಓದಲು ನೀಡಿದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕಗಳ ನಷ್ಟವನ್ನು, ಅದು ಅಪ್ರಾಮಾಣಿಕತೆಯಿಂದಾಗಲೀ ನಿರ್ಲಕ್ಷ್ಯದಿಂದಾಗಲೀ ಆಗಿರದಿದ್ದರೆ, ಸಹಜವೆಂದು ಪರಿಗಣಿಸಬಹುದು. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಲೆಕ್ಕ ನಿಂತಿರುವುದು ವಿತರಣೆಯ ಮೇಲೆ, ದಾಸ್ತಾನಿನ ಮೇಲಲ್ಲ. 60 ಮಕ್ಕಳಿರುವ ಶಾಲೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರತಿ ಮಗುವಿಗೆ ತಿಂಗಳಿಗೆ 2 ಪುಸ್ತಕದಂತೆ 10 ತಿಂಗಳು ನೀಡಿದರೆ 1,200 ವಿತರಣೆಗಳಾಗುತ್ತವೆ, 6 ಪುಸ್ತಕಗಳ ನಷ್ಟ ಸಹಜ ಮಿತಿಯೊಳಗಿರುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ ವಿತರಣೆಯೇ ಇಲ್ಲ. ಅಲ್ಲಿ ಒಂದು ಪುಸ್ತಕವನ್ನು ಗೆದ್ದಲು ತಿಂದರೂ ಅದಕ್ಕೆ ಸಮಜಾಯಿಷಿ ಇರುವುದಿಲ್ಲ. ಇದು ಕೇಂದ್ರ ಕಚೇರಿಗಳಿಗಾಗಿ ರಚಿಸಿದ ನಿಯಮವಾದುದರಿಂದ ಸರ್ಕಾರಿ ಶಾಲೆಗೆ ತಾನಾಗಿ ಅನ್ವಯಿಸದು. ಆದುದರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಇದನ್ನು ಉಲ್ಲೇಖಿಸಿ ಠರಾವು ಮಾಡಿ, ಅನುಮತಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬಹುದು. ಆ ಠರಾವಿಗೆ ಗ್ರಾಮ ಪಂಚಾಯಿತಿಯ ಬೆಂಬಲ ಪತ್ರ ಲಗತ್ತಾದರೆ ಶಿಕ್ಷಕರು ಒಂಟಿಯಾಗಿ ಕೇಳಿದಂತಾಗುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಿನ ಊರುಗಳಿಗೆ ಈ ವಿಷಯ ವಿಶೇಷವಾಗಿ ತಟ್ಟುತ್ತದೆ. ಅಲ್ಲಿನ ಹಳೆಯ ಕಾವಲು ಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಆವರಣವಿದ್ದು, ಅದರ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ 2011ರಿಂದ ವಿಜ್ಞಾನ ಶಿಕ್ಷಕರು ತರಬೇತಿ ಪಡೆಯುತ್ತಿದ್ದಾರೆ. ದೂರದೂರದ ಶಿಕ್ಷಕರು ಅಲ್ಲಿಗೆ ಕಲಿಯಲು ಬರುತ್ತಾರೆ. ಅದೇ ಬೇಲಿಯಾಚೆ, ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಮನೆಯ ಮಗುವಿಗೆ ವಿಜ್ಞಾನದ ಒಂದು ಚಿತ್ರಪುಸ್ತಕ ಸಿಗಬಹುದಾದ ಹತ್ತಿರದ ಸ್ಥಳ ಶಾಲೆಯ ಕಪಾಟು. ಮಳೆ ಕೈಕೊಟ್ಟ ವರ್ಷ ಹೊಸ ಪುಸ್ತಕ ಕೊಡಿಸುವುದು ಎಷ್ಟು ತಂದೆತಾಯಿಗಳಿಗೆ ಸಾಧ್ಯವೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಪಂಚಾಯಿತಿಯ ಕೈಯಲ್ಲಿ ತನ್ನದೇ ಸಾಧನವೂ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಈಗ ಅವು ಅರಿವು ಕೇಂದ್ರಗಳು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅರಿವು ಕೇಂದ್ರದ ಮೇಲ್ವಿಚಾರಕರು ತಿಂಗಳಿಗೊಮ್ಮೆ ಶಾಲೆಗೆ ಪುಸ್ತಕಗಳ ಕಟ್ಟನ್ನು ಒಯ್ದು ಬದಲಾಯಿಸಿ ತರುವ ಏರ್ಪಾಡಿಗೆ ಹೊಸ ಕಟ್ಟಡವಾಗಲೀ ಹೆಚ್ಚಿನ ಅನುದಾನವಾಗಲೀ ಬೇಕಾಗಿಲ್ಲ.

ಮುಂದಿನ ಭೇಟಿಯಲ್ಲಿ ಸದಸ್ಯರು ವಿತರಣಾ ವಹಿಯ ಕೊನೆಯ ಪುಟವನ್ನು ತೆರೆಯುವುದು ಸೂಕ್ತ. ಕೊನೆಯ ನಮೂದಿನ ದಿನಾಂಕ ಯಾವುದು, ಒಂದೇ ದಿನ ಒಂದೇ ಮಸಿಯಲ್ಲಿ ಎಲ್ಲ ಹೆಸರುಗಳನ್ನೂ ಬರೆದಂತಿದೆಯೇ, ಹೆಣ್ಣುಮಕ್ಕಳ ಹೆಸರುಗಳಿವೆಯೇ ಎಂಬುದನ್ನು ಗಮನಿಸಬೇಕು. ಪುಸ್ತಕಗಳು ಹೊಚ್ಚಹೊಸದಾಗಿದ್ದರೆ ಅದನ್ನು ಪ್ರಶಂಸಿಸಬಾರದು. ಮಕ್ಕಳ ಗ್ರಾಮ ಸಭೆಯಲ್ಲಿ, ಈ ತಿಂಗಳು ಮನೆಗೆ ಒಯ್ದ ಪುಸ್ತಕ ಯಾವುದೆಂದು ಮಕ್ಕಳನ್ನೇ ಕೇಳಿ, ದೊರೆತ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು.