ಕಾರಿನ ಎ.ಸಿ. ಗ್ಯಾಸ್ ವರ್ಷ ವರ್ಷ ಖಾಲಿಯಾಗುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಎ.ಸಿ.ಯ ಬಗ್ಗೆಯೇ ಇವೆ. ಒಳ್ಳೆಯದೇ ಆಯಿತು. ತಪಾಸಣೆಯನ್ನು ಶಿವರಾತ್ರಿಯ ಆಸುಪಾಸಿನಲ್ಲಿ ಮುಗಿಸಿಕೊಂಡರೆ ಮೆಕ್ಯಾನಿಕ್‌ಗೂ ಪುರಸೊತ್ತಿರುತ್ತದೆ, ನಿಮಗೂ ಇರುತ್ತದೆ. ಏಪ್ರಿಲ್‌ನಲ್ಲಿ ಗ್ಯಾರೇಜಿನ ಮುಂದೆ ಕಾರುಗಳು ಸಾಲುಗಟ್ಟಿದಾಗ ಯಾರೂ ನಿಧಾನವಾಗಿ ಕೂತು ಸೋರಿಕೆ ಹುಡುಕುವುದಿಲ್ಲ.

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಸಣ್ಣ ಕಾರು. ಪ್ರತಿ ಮಾರ್ಚ್‌ನಲ್ಲೂ ಎ.ಸಿ. ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಮೆಕ್ಯಾನಿಕ್ ‘ಗ್ಯಾಸ್ ಖಾಲಿಯಾಗಿದೆ’ ಎಂದು ತುಂಬಿಸಿ ಕೊಡುತ್ತಾರೆ. ಕೆಲವು ತಿಂಗಳು ಚೆನ್ನಾಗಿರುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅವರು ಮೋಸ ಮಾಡುತ್ತಿದ್ದಾರೆಯೇ? ಕಂಪ್ರೆಸರ್ ಹೋದರೆ ದೊಡ್ಡ ಖರ್ಚು ಎಂಬ ಭಯವೂ ಇದೆ.
— ಓದುಗರು, ರಾಯಚೂರು

ಉತ್ತರ: ಮೊದಲು ಸಮಾಧಾನದ ಮಾತು. ಗ್ಯಾಸ್ ತುಂಬಿಸಿದ ಕೂಡಲೇ ತಂಪು ಬರುತ್ತಿದೆ ಎಂದರೆ ನಿಮ್ಮ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ತಳ್ಳುವ ಪಂಪು) ಇನ್ನೂ ಗಟ್ಟಿಯಾಗಿಯೇ ಇದೆ. ಮೆಕ್ಯಾನಿಕ್ ಮೋಸಗಾರರೆಂದೂ ನಾನು ಹೇಳಲಾರೆ. ‘ಬೇಗ ತಂಪು ಮಾಡಿ ಕೊಡಿ’ ಎಂದು ನಾವೇ ಅವಸರಪಡಿಸುತ್ತೇವೆ, ಅವರು ಬೇಗ ಆಗುವ ಕೆಲಸವನ್ನು ಮಾಡಿ ಕೊಡುತ್ತಾರೆ.

ಆದರೆ ಒಂದು ಮಾತು ಮನಸ್ಸಿನಲ್ಲಿಡಿ: ಎ.ಸಿ. ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ನರ್ಸಮ್ಮ ಸೂಜಿ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದರೆ ಆ ಜಾಗ ತಣ್ಣಗಾಗುತ್ತದಲ್ಲ, ಸ್ಪಿರಿಟ್ ಆವಿಯಾಗುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಕಾರಿನಲ್ಲೂ ನಡೆಯುವುದು ಅದೇ. ನಿಮ್ಮ ಕಾರಿನ ವಯಸ್ಸಿನ ಹೆಚ್ಚಿನ ಗಾಡಿಗಳಲ್ಲಿರುವ ಆರ್-134ಎ ಎಂಬ ಗ್ಯಾಸು ತೆರೆದ ಗಾಳಿಯಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಅದು ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ ಒಳಗಿನ ಬಿಸಿಯನ್ನು ಹೀರುತ್ತದೆ. ಮುಂದಿನ ಗ್ರಿಲ್ ಹಿಂದಿರುವ ಕಂಡೆನ್ಸರ್‌ಗೆ (ಗ್ಯಾಸನ್ನು ತಣಿಸಿ ದ್ರವವಾಗಿಸುವ ಜಾಲರಿಗೆ) ಬಂದು ಆ ಬಿಸಿಯನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಹೋಗುತ್ತದೆ. ಇದ್ದ ಗ್ಯಾಸೇ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆ ಅವಧಿಯಲ್ಲಿ ಒಂದಿಷ್ಟು ಜಿನುಗುವುದು ಸಹಜ. ವರ್ಷ ವರ್ಷ ಖಾಲಿಯಾಗುತ್ತಿದೆ ಎಂದರೆ ಎಲ್ಲೋ ಲೀಕ್ ಇದೆ.

ನಿಮ್ಮ ಎರಡನೆಯ ಭಯ ಸುಳ್ಳಲ್ಲ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸು ಕಡಿಮೆಯಾದಾಗ ಎಣ್ಣೆ ಸರಿಯಾಗಿ ವಾಪಸು ಬರುವುದಿಲ್ಲ, ಲೀಕಾದ ಕಡೆ ಒಂದಿಷ್ಟು ಹೊರಗೂ ಹೋಗುತ್ತದೆ. ಪ್ರತಿ ವರ್ಷ ಬರೀ ಗ್ಯಾಸ್ ತುಂಬಿಸಿ ಎಣ್ಣೆಯನ್ನು ಮರೆತರೆ ಒಂದು ದಿನ ಕಂಪ್ರೆಸರ್ ಹಿಡಿದುಕೊಂಡುಬಿಡುತ್ತದೆ. ಅದರ ಲೋಹದ ಪುಡಿ ಉಳಿದ ಭಾಗಗಳಿಗೂ ಹರಡುತ್ತದೆ. ಆದ್ದರಿಂದ ಈ ಸಲ ಗ್ಯಾಸ್ ತುಂಬಿಸುವ ಮುನ್ನ ಸೋರಿಕೆ ಹುಡುಕಿಸಿ.

ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ಬಾನೆಟ್ ತೆಗೆದು, ಎಂಜಿನ್ ಆರಿಸಿ, ಎ.ಸಿ. ಪೈಪುಗಳ ಜೋಡಣೆಗಳನ್ನು ನೋಡಿ. ಎಲ್ಲಾದರೂ ಜಿಡ್ಡುಜಿಡ್ಡಾಗಿ ಧೂಳು ಮೆತ್ತಿಕೊಂಡಿದ್ದರೆ ಅಲ್ಲಿಂದ ಗ್ಯಾಸಿನೊಡನೆ ಎಣ್ಣೆ ಹೊರಬರುತ್ತಿರಬಹುದು. ಮೆಕ್ಯಾನಿಕ್‌ಗೆ ಆ ಜಾಗ ತೋರಿಸಿ. ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಹೇಳಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಕಲ್ಲು ಸಿಡಿದು ಕಂಡೆನ್ಸರ್ ತೂತಾಗುವುದು, ಜೋಡಣೆಯ ರಬ್ಬರ್ ಉಂಗುರ ಗಟ್ಟಿಯಾಗುವುದು, ಕೂಲಿಂಗ್ ಕಾಯಿಲ್ ಸವೆಯುವುದು ಸಾಮಾನ್ಯ ಕಾರಣಗಳು. ಉಂಗುರವಾದರೆ ಖರ್ಚು ಅತ್ಯಲ್ಪ. ಕೂಲಿಂಗ್ ಕಾಯಿಲ್ ಆದರೆ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ, ಕೆಲಸ ದೊಡ್ಡದು. ಆದರೂ ಕಂಪ್ರೆಸರ್ ಕಳೆದುಕೊಳ್ಳುವುದಕ್ಕಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಲೀಕ್ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ (ಒಳಗಿನ ಗಾಳಿ, ತೇವವನ್ನು ಯಂತ್ರದಿಂದ ಎಳೆದು ಹಾಕುವುದು) ಕನಿಷ್ಠ ಅರ್ಧ ಗಂಟೆ ನಡೆಯಲಿ. ತೇವ ಒಳಗೆ ಉಳಿದರೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಕೊನೆಗೆ, ಗ್ಯಾಸನ್ನು ತೂಕ ಮಾಡಿ ತುಂಬಿಸಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು ಸಾಕು. ನಿಮ್ಮ ಕಾರಿನ ನಿಖರ ಲೆಕ್ಕ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಗ್ರಾಂಗಳಲ್ಲಿ ಇರುತ್ತದೆ. ‘ಸ್ವಲ್ಪ ಜಾಸ್ತಿಯೇ ಇರಲಿ’ ಎನ್ನಬೇಡಿ, ಹೆಚ್ಚಾದರೂ ಒತ್ತಡ ಏರಿ ತಂಪು ಕೆಡುತ್ತದೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಡುವ ಗ್ಯಾರೇಜ್ ಸಿಕ್ಕರೆ ಅಲ್ಲಿಗೇ ಹೋಗಿ. ಆ ಗ್ಯಾಸು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ರಾಯಚೂರಿನ ಬಿಸಿಲಿಗೆ ನಾವು ಇನ್ನಷ್ಟು ಸೇರಿಸುವುದು ಬೇಡ.

ಪ್ರಶ್ನೆ: ತುಮಕೂರು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎ.ಸಿ. ಚಳಿ ಹುಟ್ಟಿಸುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಐದು ನಿಮಿಷಕ್ಕೆ ಬಿಸಿ ಗಾಳಿ. ಗ್ಯಾಸ್ ತುಂಬಿಸಬೇಕೆ?
— ಓದುಗರು, ಬೆಂಗಳೂರು

ಉತ್ತರ: ಗಾಬರಿಯಾಗಬೇಡಿ. ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ಓಡುವಾಗ ಕಂಡೆನ್ಸರ್‌ಗೆ ಎದುರು ಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತಾಗ ಆ ಗಾಳಿಯನ್ನು ಫ್ಯಾನ್ ಎಳೆದು ಕೊಡಬೇಕು. ಹಾಗಾಗಿ ಮೊದಲ ಅನುಮಾನ ಫ್ಯಾನಿನ ಮೇಲೆ, ಆಮೇಲೆ ಕಂಡೆನ್ಸರ್‌ಗೆ ಕಟ್ಟಿಕೊಂಡಿರುವ ಧೂಳು, ಹುಳುಹುಪ್ಪಟೆಯ ಮೇಲೆ. ಗ್ಯಾಸು ತುಸು ಕಡಿಮೆಯಿದ್ದರೂ ಹೀಗಾಗುವುದುಂಟು, ಆದರೆ ಅದನ್ನು ಕೊನೆಗೆ ನೋಡಿ.

ಕಾರನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಮತ್ತು ಎ.ಸಿ. ಹಾಕಿ, ಬಾನೆಟ್ ತೆಗೆದು ದೂರದಿಂದಲೇ ನೋಡಿ. ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ಜೋರಾಗಿ ತಿರುಗಬೇಕು. ಕೈ, ಸೆರಗು, ದುಪಟ್ಟಾ ಅದರ ಹತ್ತಿರ ಹೋಗದಿರಲಿ. ಅದು ಹೇಳದೆ ಕೇಳದೆ ಶುರುವಾಗುತ್ತದೆ. ತಿರುಗದಿದ್ದರೆ ಫ್ಯೂಸ್, ರಿಲೇ (ವಿದ್ಯುತ್ತನ್ನು ಹಾಯಿಸುವ ಸಣ್ಣ ಸ್ವಿಚ್ಚು), ಮೋಟಾರ್ ಈ ಕ್ರಮದಲ್ಲಿ ಪರೀಕ್ಷೆ ಮಾಡಿಸಿ. ಕಂಡೆನ್ಸರ್ ತೊಳೆಸುವಾಗ ನೀರಿನ ರಭಸ ಕಡಿಮೆ ಇರಲಿ, ಜೋರು ನೀರಿಗೆ ಅದರ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇದನ್ನು ಮುಂದಕ್ಕೆ ಹಾಕಬೇಡಿ. ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರನ್ನು ತಣಿಸುವುದೂ ಅದೇ ಫ್ಯಾನ್. ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿಯ ಮುಳ್ಳು ಮೇಲೇರಿದರೆ ಅಥವಾ ಕೆಂಪು ದೀಪ ಬೆಳಗಿದರೆ ಕೂಡಲೇ ಎ.ಸಿ. ಆರಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ.

ಪ್ರಶ್ನೆ: ಎ.ಸಿ. ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಅಪಾಯವೇ?
— ಓದುಗರು, ಶಿವಮೊಗ್ಗ

ಉತ್ತರ: ಇಲ್ಲ, ನೆಮ್ಮದಿಯಾಗಿರಿ. ಗಾಳಿಯಲ್ಲಿನ ತೇವ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಹೊರಗೆ ಹೋಗುತ್ತಿದೆ, ಹೋಗಲೇಬೇಕು. ಆ ನೀರು ಹೊರಗೆ ಬೀಳದೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾದರೆ ಮಾತ್ರ ಡ್ರೈನ್ ಪೈಪ್ ಕಟ್ಟಿದೆ ಎಂದು ಅರ್ಥ. ಬಿದ್ದದ್ದು ಬಣ್ಣದ, ಜಿಗುಟಾದ ದ್ರವವಾಗಿದ್ದರೆ ಅದು ರೇಡಿಯೇಟರ್ ಕೂಲೆಂಟ್ ಇರಬಹುದು, ಅದನ್ನು ತೋರಿಸಿ.

ಪ್ರಶ್ನೆ: ಎ.ಸಿ. ಹಾಕಿದ ಮೊದಲ ಎರಡು ನಿಮಿಷ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಮಗನಿಗೆ ಉಬ್ಬಸ ಇದೆ, ಕಾರಿನಲ್ಲಿ ಕೂತರೆ ಕೆಮ್ಮುತ್ತಾನೆ. ಸುಗಂಧದ ಡಬ್ಬಿ ಇಟ್ಟರೂ ಪ್ರಯೋಜನವಾಗಿಲ್ಲ.
— ಓದುಗರು, ಮಂಗಳೂರು

ಉತ್ತರ: ತಾಯಿಯಾಗಿ ನೀವು ಆತಂಕಪಡುವುದು ಸರಿಯೇ. ಇದು ಸರಿಪಡಿಸಬಹುದಾದ ತೊಂದರೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಕಾಯಿಲ್ ಒಣಗುವುದೇ ಇಲ್ಲ. ಕತ್ತಲೆ, ಒದ್ದೆ, ಧೂಳು ಮೂರೂ ಸೇರಿದ ಕಡೆ ಬೂಷ್ಟು ಬೆಳೆಯುತ್ತದೆ. ಸುಗಂಧದ ಡಬ್ಬಿಯನ್ನು ಇವತ್ತೇ ತೆಗೆದುಬಿಡಿ. ಅದು ಬೂಷ್ಟನ್ನು ಕೊಲ್ಲುವುದಿಲ್ಲ, ಉಬ್ಬಸವಿರುವ ಮಗುವಿಗೆ ಅದೂ ಕೆಮ್ಮು ತರಬಹುದು.

ಮೊದಲು ಕ್ಯಾಬಿನ್ ಫಿಲ್ಟರ್ (ಒಳಬರುವ ಗಾಳಿಯನ್ನು ಸೋಸುವ ಕಾಗದದ ಜಾಲರಿ) ಬದಲಿಸಿ. ಬಹಳಷ್ಟು ಕಾರುಗಳಲ್ಲಿ ಅದು ಎಡಬದಿಯ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಇರುವುದೇ ಇಲ್ಲ, ಕೇಳಿ ತಿಳಿದುಕೊಳ್ಳಿ. ನಂತರ ಕೂಲಿಂಗ್ ಕಾಯಿಲ್ ಶುದ್ಧಿ ಮಾಡಿಸಿ. ಆ ದಿನ ಮಗನನ್ನು ಕರೆದೊಯ್ಯಬೇಡಿ. ಶುದ್ಧಿಗೆ ಬಳಸಿದ ಔಷಧದ ವಾಸನೆ ಹೋಗುವವರೆಗೆ ಕಿಟಕಿಗಳನ್ನು ತೆರೆದಿಡಿ.

ಇನ್ನು ಮುಂದೆ ಮನೆ ತಲುಪುವ ಎರಡು ಮೂರು ನಿಮಿಷ ಮುಂಚೆ ಎ.ಸಿ. ಗುಂಡಿ ಮಾತ್ರ ಆರಿಸಿ, ಫ್ಯಾನ್ ಓಡುತ್ತಿರಲಿ. ಕಾಯಿಲ್ ಸ್ವಲ್ಪವಾದರೂ ಒಣಗುತ್ತದೆ. ಇಷ್ಟಾದ ಮೇಲೂ ಕೆಮ್ಮು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ಕಾರಿನ ವಿಷಯವನ್ನೂ ಹೇಳಿ ತೋರಿಸಿ.

ಪ್ರಶ್ನೆ: ಮದುವೆ ಮನೆಗೆ ಹೋದಾಗ ಮೊಮ್ಮಗಳು ನಿದ್ದೆ ಮಾಡುತ್ತಾಳೆಂದು ಎ.ಸಿ. ಹಾಕಿ, ಕಾರಿನಲ್ಲೇ ಮಲಗಿಸಿ ಮಗ ಒಳಗೆ ಬರುತ್ತಾನೆ. ನನಗೆ ಎದೆ ಹೊಡೆದುಕೊಳ್ಳುತ್ತದೆ. ‘ಅಮ್ಮ, ನೀನು ಸುಮ್ಮನೆ ಹೆದರುತ್ತೀಯ’ ಎನ್ನುತ್ತಾನೆ.
— ಓದುಗರು, ಬಳ್ಳಾರಿ

ಉತ್ತರ: ಅಮ್ಮ, ನಿಮ್ಮ ಹೆದರಿಕೆಗೆ ಆಧಾರವಿದೆ. ಈ ಉತ್ತರವನ್ನು ನಿಮ್ಮ ಮಗನಿಗೆ ಓದಿ ಹೇಳಿ.

ಎಂಜಿನ್ ಯಾವ ಕಾರಣಕ್ಕಾದರೂ ನಿಂತರೆ ತಂಪು ಅಲ್ಲಿಗೇ ನಿಲ್ಲುತ್ತದೆ. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷಕ್ಕೇ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿಯನ್ನು ಬೆರಳಗಲ ತೆರೆದಿಟ್ಟರೂ ಹೆಚ್ಚೇನೂ ವ್ಯತ್ಯಾಸವಾಗದು. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಬಿಸಿಯಾಗುತ್ತದೆ. ಎರಡನೆಯದು ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ, ಬಣ್ಣ ವಾಸನೆಗಳಿಲ್ಲದ ವಿಷಾನಿಲ). ಸೈಲೆನ್ಸರ್ ಪೈಪು ತೂತಾಗಿದ್ದರೆ, ಅಥವಾ ಕಾರು ಕಲ್ಯಾಣ ಮಂಟಪದ ನೆಲಮಾಳಿಗೆಯಲ್ಲಿ ನಿಂತಿದ್ದರೆ ಅದು ಒಳಗೆ ಸೇರಬಹುದು. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಕೀಲಿ ಕಾರಿನಲ್ಲೇ ಇದ್ದು ಮಗು ಗೇರ್ ಅಥವಾ ಕಿಟಕಿಯ ಗುಂಡಿ ಮುಟ್ಟುವ ಅಪಾಯವೂ ಇದೆ.

ಮಗುವನ್ನು ಎತ್ತಿಕೊಂಡೇ ಒಳಗೆ ಹೋಗಿ, ನಿದ್ದೆ ಕೆಟ್ಟರೂ ಚಿಂತೆಯಿಲ್ಲ. ವಾಪಸು ಹೊರಡುವಾಗ ನಾಲ್ಕೂ ಬಾಗಿಲು ತೆರೆದು ಬಿಸಿ ಗಾಳಿ ಬಿಡಿ, ಕಿಟಕಿ ಇಳಿಸಿ ಎ.ಸಿ. ಹಾಕಿ ಒಂದಿಷ್ಟು ದೂರ ಓಡಿಸಿ, ಆಮೇಲೆ ಕಿಟಕಿ ಏರಿಸಿ. ದೂರದ ಪ್ರಯಾಣದಲ್ಲಿ ಒಳಗಾಳಿಯೇ ಸುತ್ತುವ ಗುಂಡಿಯನ್ನು ಆಗಾಗ ಆರಿಸಿ ಹೊರಗಾಳಿ ತೆಗೆದುಕೊಳ್ಳಿ, ಚಾಲಕರಿಗೆ ಮಂಪರು ಕಡಿಮೆಯಾಗುತ್ತದೆ. ಕಾರಿನಲ್ಲಿ ಕೂತವರಿಗೆ ತಲೆನೋವು, ವಾಂತಿ, ಕರೆದರೂ ಏಳದಷ್ಟು ಮಂಪರು ಕಂಡರೆ ಎಲ್ಲರೂ ಕೂಡಲೇ ಹೊರಗೆ ಬಂದು, ಎಂಜಿನ್ ಆರಿಸಿ, 108ಕ್ಕೆ ಕರೆ ಮಾಡಿ.